ಮೊದಲು ಕಿಕ್ಕು-ಬೇಸಿನ ಜಗಳ ಬಿಡಿಸಿ

ಪ್ರಶ್ನೆ: ಒಂದು ವರ್ಷದಿಂದ ಮನೆಯಲ್ಲೇ ಲ್ಯಾಪ್‌ಟಾಪ್, ಹೆಡ್‌ಫೋನ್ ಇಟ್ಟುಕೊಂಡು ಹೌಸ್ ಸಂಗೀತ ಮಾಡುತ್ತಿದ್ದೇನೆ. ಹೆಡ್‌ಫೋನಿನಲ್ಲಿ ಚೆನ್ನಾಗಿಯೇ ಕೇಳಿಸುತ್ತದೆ. ಅದೇ ಟ್ರ್ಯಾಕನ್ನು ಕಾರಿನಲ್ಲಿ ಹಾಕಿದರೆ ಬೇಸ್ ಗುಂಯ್ ಅನ್ನುತ್ತದೆ. ಮೊಬೈಲಿನಲ್ಲಿ ಬೇಸೇ ಇಲ್ಲ. ಬೇರೆಯವರ ಟ್ರ್ಯಾಕ್ ಆದಮೇಲೆ ನನ್ನದು ಬಂದರೆ ಮಂಕಾಗಿ, ಮೆತ್ತಗೆ ಕೇಳಿಸುತ್ತದೆ. ಒಂದೊಂದು ವಾದ್ಯದ ಟ್ರ್ಯಾಕಿಗೂ ಈಕ್ಯೂ (ಮೇಲಿನ, ಕೆಳಗಿನ ಸ್ವರಗಳನ್ನು ಬೇಕಾದಷ್ಟು ಏರಿಸಿ ಇಳಿಸುವ ಸಾಧನ), ಕಂಪ್ರೆಸರ್ (ಸದ್ದಿನ ಏರಿಳಿತ ತಗ್ಗಿಸುವ ಸಾಧನ) ಹಾಕಿದ್ದೇನೆ. ವಿಡಿಯೊಗಳಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮಾನಿಟರ್ ಸ್ಪೀಕರ್ ಕೊಳ್ಳಬೇಕೇ? ಮಿಕ್ಸಿಂಗ್ (ಎಲ್ಲ ಸದ್ದನ್ನು ಹದವಾಗಿ ಬೆರೆಸುವುದು) ಕಲಿಯಲು ಎಲ್ಲಿಂದ ಶುರು ಮಾಡಲಿ?

ಉತ್ತರ: ಸ್ಪೀಕರ್ ಈಗಲೇ ಕೊಳ್ಳಬೇಡಿ. ಕಾರಣ ಮುಂದೆ ಹೇಳುತ್ತೇನೆ. ನಿಮ್ಮ ಮೂರು ದೂರುಗಳು ಬೇರೆ ಬೇರೆ ಅನಿಸಿದರೂ ಬಹುಮಟ್ಟಿಗೆ ಬೇರು ಒಂದೇ. ನಿಮ್ಮ ಕಿಕ್ಕೂ (ತಾಳ ಹಿಡಿಯುವ ದಪ್ಪ ಡ್ರಮ್ ಪೆಟ್ಟು) ಬೇಸೂ ಒಂದೇ ಜಾಗಕ್ಕೆ, ಅಂದರೆ ಕೆಳಗಿನ ಸ್ವರಗಳ ಜಾಗಕ್ಕೆ, ಜಗಳ ಆಡುತ್ತಿವೆ. ಕಾರಿನ ಒಳಗಿನ ಚಿಕ್ಕ ಜಾಗ ಕೆಳಗಿನ ಸದ್ದನ್ನು ತಾನಾಗಿಯೇ ಎತ್ತಿಕೊಡುತ್ತದೆ. ಹಾಗಾಗಿ ಅಲ್ಲಿ ಜಗಳ ಜೋರಾಗಿ ಕೇಳುತ್ತದೆ. ಮೊಬೈಲಿನ ಪುಟ್ಟ ಸ್ಪೀಕರ್‌ಗೆ ಆ ಭಾಗ ನುಡಿಸಲು ಬರುವುದೇ ಇಲ್ಲ. ಹಾಗಾಗಿ ಅಲ್ಲಿ ಮಾಯ.

ಮಂಕಾಗುವುದು ಯಾಕೆ ಅಂತ ಕೇಳುತ್ತೀರಿ, ಅಲ್ವಾ? ಡಿಜಿಟಲ್ ಸದ್ದಿಗೆ ಒಂದು ಮೇಲ್ಮಿತಿ ಇದೆ: 0 ಡಿಬಿಎಫ್‌ಎಸ್. ಡಿಬಿ ಅಂದರೆ ಡೆಸಿಬೆಲ್, ಸದ್ದಿನ ಅಳತೆ; ಮಿತಿಗಿಂತ ಕೆಳಗಿನದ್ದನ್ನು ಮೈನಸ್ ಹಾಕಿ ಬರೆಯುತ್ತಾರೆ. ಅದರಾಚೆ ಫೈಲಿನಲ್ಲಿ ಜಾಗವಿಲ್ಲ. ಕಿಕ್ ಒಂದು, ಬೇಸ್ ಒಂದು, ಎರಡೂ ತಲಾ -6 ಡಿಬಿಗೆ ಬಂದು ಒಂದೇ ಕ್ಷಣದಲ್ಲಿ ತುದಿ ಮುಟ್ಟಿದರೆ ಮೊತ್ತ ಹೆಚ್ಚೂಕಡಿಮೆ 0ಗೆ ಬಂದು ನಿಲ್ಲುತ್ತದೆ. ಅಲ್ಲಿಗೆ ಜಾಗ ಖಾಲಿ. ಹಾಡು, ಸಿಂತ್ (ಸಿಂಥಸೈಜರ್), ಕ್ಲಾಪ್ (ಚಪ್ಪಾಳೆಯ ಸದ್ದು) ಎಲ್ಲ ಆ ಎರಡರ ಕೆಳಗೇ ತಲೆ ತಗ್ಗಿಸಿ ಕೂರಬೇಕು. ಕೊನೆಗೆ ನೀವು ಸದ್ದು ಮಿತಿ ದಾಟದಂತೆ ತಡೆಯುವ ಲಿಮಿಟರ್ ಒತ್ತುತ್ತೀರಿ. ಬೇಸ್ ಬಂದಾಗೆಲ್ಲ ಅದು ಇಡೀ ಹಾಡನ್ನೇ ತಗ್ಗಿಸುತ್ತದೆ. ಸದ್ದು ಏರುವುದಿಲ್ಲ, ಚಪ್ಪಟೆಯಾಗುತ್ತದೆ.

ಹಾಗಾಗಿ ಪ್ರಾಜೆಕ್ಟಿನ ಒಂದು ನಕಲು ಮಾಡಿಕೊಳ್ಳಿ. ಆ ನಕಲಿನಲ್ಲಿ ಮಿಕ್ಸಿಂಗಿಗೆ ಅಂತ ಹಾಕಿದ, ಸದ್ದು ತಿದ್ದುವ ಪ್ಲಗಿನ್‌ಗಳನ್ನೆಲ್ಲ ತೆಗೆದುಬಿಡಿ. ಸದ್ದನ್ನೇ ಹುಟ್ಟಿಸುವ ಡಿಸ್ಟಾರ್ಷನ್, ಫಿಲ್ಟರ್ ಇದ್ದರೆ ಇರಲಿ. ಈಕ್ಯೂ, ಕಂಪ್ರೆಸರ್, ಎಲ್ಲ ಸದ್ದೂ ಕೊನೆಗೆ ಸೇರುವ ಮಾಸ್ಟರ್ ಚಾನೆಲ್ ಮೇಲಿನ ಲಿಮಿಟರ್ ಎಲ್ಲ ಹೊರಗೆ. ಫೇಡರ್‌ಗಳನ್ನೆಲ್ಲ, ಅಂದರೆ ಪ್ರತಿ ಟ್ರ್ಯಾಕಿನ ವಾಲ್ಯೂಮ್ ಗುಂಡಿಗಳನ್ನು, ಕೆಳಕ್ಕೆ ಎಳೆಯಿರಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮಿಕ್ಸಿಂಗ್ ಪಾಠಗಳಲ್ಲಿ ಬಹಳಷ್ಟು ಬ್ಯಾಂಡ್ ರೆಕಾರ್ಡಿಂಗ್ ಕಾಲದಿಂದ ಬಂದವು. ಅಲ್ಲಿ ಇಂಜಿನಿಯರ್ ಕೈಗೆ ಬಂದದ್ದು ಬಂದ ಹಾಗೇ. ಡ್ರಮ್ಮರ್ ಎದ್ದು ಹೋಗಿದ್ದಾನೆ, ಡ್ರಮ್ಮಿನ ಸದ್ದು ಡಬ್ಬದಂತಿದೆ, ಈಕ್ಯೂ ಹಿಡಿದು ಒದ್ದಾಡಬೇಕು. ನಿಮಗೆ ಆ ಕರ್ಮ ಇಲ್ಲ. ಕಿಕ್ ಸರಿಯಿಲ್ಲದಿದ್ದರೆ ಬೇರೆ ಕಿಕ್ ಹಾಕಿ. ಬೇಸ್ ಸ್ವರ ಉದ್ದವಾಯಿತೇ, ಗಿಡ್ಡ ಮಾಡಿ. ಹಿನ್ನೆಲೆಯಲ್ಲಿ ಉದ್ದಕ್ಕೆ ನಿಲ್ಲುವ ಪ್ಯಾಡ್ ಅಡ್ಡ ಬಂತೇ, ಒಂದು ಸ್ಥಾಯಿ ಮೇಲಕ್ಕೆ ಎತ್ತಿ. ಎಲೆಕ್ಟ್ರಾನಿಕ್ ಸಂಗೀತದಲ್ಲಿ ಮಿಕ್ಸಿಂಗಿನ ಅರ್ಧಕ್ಕಿಂತ ಜಾಸ್ತಿ ಕೆಲಸ ಸದ್ದು ಆರಿಸುವಾಗಲೇ, ಸ್ವರ ಬರೆಯುವಾಗಲೇ ಮುಗಿಯಬೇಕು. ಹೊಸಬರು ಇದನ್ನು ನಂಬುವುದಿಲ್ಲ. ಪ್ಲಗಿನ್‌ನಲ್ಲಿ ಏನೋ ಗುಟ್ಟಿದೆ ಅಂತಲೇ ಹುಡುಕುತ್ತಿರುತ್ತಾರೆ.

ಈಗ ಕಿಕ್ ಸ್ಯಾಂಪಲ್ (ರೆಕಾರ್ಡ್ ಆದ ಸದ್ದಿನ ತುಣುಕು) ತೆರೆದು ಅಲೆಯನ್ನು ದೊಡ್ಡದು ಮಾಡಿ ನೋಡಿ. ಎಡತುದಿಯಲ್ಲಿ ಕೆಲವೇ ಮಿಲಿಸೆಕೆಂಡಿನ ಒಂದು ಚೂಪು ಇರುತ್ತದೆ. ಅದು ಟಕ್ ಅನ್ನುವ ಭಾಗ. ಸಾಮಾನ್ಯವಾಗಿ 2ರಿಂದ 5 ಕಿಲೋಹರ್ಟ್ಸ್ ಸುತ್ತ ಇರುತ್ತದೆ. ಆಮೇಲೆ ಅಲೆಗಳು ಬಲಕ್ಕೆ ಹೋದ ಹಾಗೆ ಅಗಲವಾಗುತ್ತವೆ, ಅಂದರೆ ಸ್ವರ ಕೆಳಗಿಳಿಯುತ್ತಿದೆ. ಕೊನೆಗೆ ಬಾಲ. ಅಲ್ಲಿ ಅಲೆಗಳು ಒಂದೇ ಅಗಲದಲ್ಲಿ ನಿಂತು ನಿಧಾನ ಸಣ್ಣಗಾಗುತ್ತವೆ. ಹೌಸ್ ಸಂಗೀತದಲ್ಲಿ ಈ ಬಾಲ ಸಾಮಾನ್ಯವಾಗಿ 45ರಿಂದ 60 ಹರ್ಟ್ಸ್ ಒಳಗೆ ಇರುತ್ತದೆ. ನಿಮ್ಮ ಬೇಸ್ ಕೂಡ ಅಲ್ಲೇ ವಾಸ.

ಬಾಲದ ಉದ್ದ ಅಳೆಯಿರಿ. ನಿಮ್ಮ ಟ್ರ್ಯಾಕ್ 124 ಬಿಪಿಎಂ, ಅಂದರೆ ನಿಮಿಷಕ್ಕೆ 124 ಪೆಟ್ಟು, ಅಂದುಕೊಳ್ಳೋಣ. ಒಂದು ನಿಮಿಷದ 60,000 ಮಿಲಿಸೆಕೆಂಡನ್ನು 124ರಿಂದ ಭಾಗಿಸಿದರೆ ಸುಮಾರು 484. ಒಂದು ಕಿಕ್‌ನಿಂದ ಮುಂದಿನ ಕಿಕ್‌ಗೆ ಅಷ್ಟು ಮಿಲಿಸೆಕೆಂಡ್. ಬೇಸ್ ಎರಡು ಕಿಕ್‌ಗಳ ನಡುವೆ, ಅಂದರೆ 242ನೇ ಮಿಲಿಸೆಕೆಂಡಿಗೆ ಬರುತ್ತದೆ. ನಿಮ್ಮ ಕಿಕ್‌ನ ಬಾಲ 400 ಮಿಲಿಸೆಕೆಂಡ್ ಎಳೆಯುತ್ತಿದ್ದರೆ ಬೇಸ್ ಶುರುವಾದಾಗಲೂ ಕಿಕ್ ಇನ್ನೂ ಮುಗಿದಿಲ್ಲ. ಇದಕ್ಕೆ ಈಕ್ಯೂ ಯಾಕೆ ಬೇಕು? ಸ್ಯಾಂಪ್ಲರ್‌ನಲ್ಲಿ ಡಿಕೇ (ಸದ್ದು ಆರುವ ವೇಳೆ) ತಿರುಗಿಸಿ 200 ಮಿಲಿಸೆಕೆಂಡ್ ಆಸುಪಾಸಿಗೆ ತನ್ನಿ. ಕಡೆಯಲ್ಲಿ ಪಟ್ ಅಂತ ಕತ್ತರಿಸಬೇಡಿ, ಸಣ್ಣ ಫೇಡ್ ಇರಲಿ. ಇಲ್ಲವಾದರೆ ಅಲ್ಲೊಂದು ಚಿಟಿಕೆ ಸದ್ದು ಸೇರಿಕೊಳ್ಳುತ್ತದೆ.

ಇನ್ನು ಶ್ರುತಿ. ಹಾಡು ಎಫ್ ಶ್ರುತಿಯಲ್ಲಿದೆ ಅಂದುಕೊಳ್ಳಿ. ಬೇಸ್‌ನ ಕೆಳಗಿನ ಎಫ್ ಅಂದರೆ 43.65 ಹರ್ಟ್ಸ್. ಕಿಕ್‌ನ ಬಾಲ 49 ಹರ್ಟ್ಸ್‌ನಲ್ಲಿದ್ದರೆ ಅದು ಜಿ. ಎರಡೂ ಒಟ್ಟಿಗೆ ನುಡಿದಾಗ ಸೆಕೆಂಡಿಗೆ ಐದು ಸಲಕ್ಕಿಂತ ಸ್ವಲ್ಪ ಜಾಸ್ತಿ ಸದ್ದು ಏರಿಳಿಯುತ್ತದೆ. 49ರಿಂದ 43.65 ಕಳೆದರೆ ಬರುವ ಲೆಕ್ಕ ಅದು. ಕಾರಿನಲ್ಲಿ ನಿಮಗೆ ಕೇಳಿಸುವ ಗುಂಯ್‌ಗೆ ಇಂಥದ್ದೇ ಕಾರಣ ಇರಬಹುದು. ಕಿಕ್ಕನ್ನು ಎರಡು ಸೆಮಿಟೋನ್ (ಅರ್ಧ ಸ್ವರ) ಕೆಳಗಿಳಿಸಿದರೆ ಶ್ರುತಿ ಕೂಡಿತು. ಇಳಿಸಿದಾಗ ಪೆಟ್ಟಿನ ಗತ್ತು ಹೋಯಿತು ಅನಿಸಿದರೆ ಬೇರೆ ಸ್ಯಾಂಪಲ್ ಹುಡುಕಿ, ಅಥವಾ ಹಾಡಿನ ಶ್ರುತಿಯನ್ನೇ ಜಿಗೆ ಎತ್ತಿ. ಕಂಪ್ಯೂಟರಿನಲ್ಲಿ ಅದಕ್ಕೆ ಒಂದು ನಿಮಿಷ ಸಾಕು. ಹಾಡುವವರು ಇದ್ದರೆ ಮಾತ್ರ ಅವರನ್ನು ಒಂದು ಮಾತು ಕೇಳಿ. ಬಾಲ ತೀರಾ ಗಿಡ್ಡವಿರುವ ಕಿಕ್‌ಗೆ ಈ ಶ್ರುತಿಯ ತಲೆಬಿಸಿ ಬೇಡ. ಅಷ್ಟು ಚಿಕ್ಕ ಸದ್ದಿನಲ್ಲಿ ಕಿವಿಗೆ ಸ್ವರ ಹತ್ತುವುದೇ ಇಲ್ಲ.

ಆಮೇಲೆ ತೀರ್ಮಾನ ಮಾಡಿ: ಎಲ್ಲಕ್ಕಿಂತ ಕೆಳಗೆ ಯಾರು ಕೂರಬೇಕು? ಕಿಕ್ 50 ಹರ್ಟ್ಸ್ ಹತ್ತಿರ ದಪ್ಪವಾಗಿದ್ದರೆ ಬೇಸ್‌ನ ಮೈ 80ರಿಂದ 150ರ ನಡುವೆ ಇರಲಿ. ಬೇಸ್ ಆಳದಲ್ಲಿ ಹರಿಯಬೇಕು ಅನಿಸಿದರೆ ಮೇಲೆ 90-100ರಲ್ಲಿ ಗುದ್ದುವ ಗಿಡ್ಡ ಕಿಕ್ ಆರಿಸಿ. ಎರಡಕ್ಕೂ ಅದೇ ಜಾಗ ಕೊಟ್ಟರೆ ಎತ್ತು ಏರಿಗೆ, ಕೋಣ ನೀರಿಗೆ. ಒಂದು ಕಿಕ್, ಒಂದು ಬೇಸ್ ಮಾತ್ರ ಹಾಕಿಕೊಂಡು ಅವೆರಡೇ ಕೇಳಿದಾಗ ತಲೆ ಅಲ್ಲಾಡಿಸಬೇಕು ಅನಿಸುವವರೆಗೆ ಮುಂದಕ್ಕೆ ಹೋಗಬೇಡಿ. ನಾನು ಮಿಕ್ಸ್‌ಗೆ ಕೊಡುವ ಸಮಯದಲ್ಲಿ ದೊಡ್ಡ ಪಾಲು ಇಲ್ಲೇ ಹೋಗುತ್ತದೆ. ಬೇಸ್ ಚಾನೆಲ್‌ನ ಅಲೆಯನ್ನು ತಲೆಕೆಳಗು ಮಾಡುವ ಪೋಲಾರಿಟಿ ಬಟನ್ ಒಮ್ಮೆ ಒತ್ತಿ ನೋಡಿ. ಒತ್ತಿದಾಗ ಕೆಳಭಾಗ ತುಂಬಿಕೊಂಡರೆ ಹಾಗೇ ಬಿಡಿ. ಎರಡು ಅಲೆಗಳು ಎದುರುಬದುರಾಗಿ ಒಂದನ್ನೊಂದು ಅಳಿಸುತ್ತಿದ್ದವು ಅಂತ ಅರ್ಥ.

ಇಷ್ಟಾದ ಮೇಲೆ ಸೈಡ್‌ಚೈನ್, ಅಂದರೆ ಕಿಕ್ ಬಂದಾಗ ಬೇಸ್ ತಾನಾಗಿಯೇ ತಗ್ಗುವ ಏರ್ಪಾಡು. ಬೇಸ್ ಮೇಲೆ ಕಂಪ್ರೆಸರ್ ಹಾಕಿ, ಅದರ ಸೈಡ್‌ಚೈನ್ ಇನ್‌ಪುಟ್‌ಗೆ ಕಿಕ್ ಕೊಡಿ. ರೇಷಿಯೋ (ಎಷ್ಟು ತಗ್ಗಿಸಬೇಕು) 4:1. ಅಟ್ಯಾಕ್ (ಎಷ್ಟು ಬೇಗ ತಗ್ಗಬೇಕು) 1-3 ಮಿಲಿಸೆಕೆಂಡ್. ಸೊನ್ನೆಗೆ ಇಟ್ಟರೆ ಆಳದ ಬೇಸ್ ಚಿಟಿಕೆ ಹೊಡೆಯಬಹುದು. ಕಿಕ್ ಬಿದ್ದಾಗ ಬೇಸ್ ಸುಮಾರು 6 ಡಿಬಿ ತಗ್ಗುವಷ್ಟು ಥ್ರೆಶೋಲ್ಡ್ (ತಗ್ಗಿಸಲು ಶುರುವಾಗುವ ಮಟ್ಟ) ಇಳಿಸಿ. ರಿಲೀಸ್ (ತಗ್ಗಿದ್ದು ಮತ್ತೆ ಏಳುವ ವೇಳೆ) ಮುಖ್ಯ. ಮೇಲೆ ಹೇಳಿದ 242 ಮಿಲಿಸೆಕೆಂಡ್ ನೆನಪಿದೆಯಲ್ಲ, ಅಷ್ಟರೊಳಗೆ ಬೇಸ್ ಪೂರ್ತಿ ಎದ್ದು ನಿಂತಿರಬೇಕು. 100ರಿಂದ 150ರಲ್ಲಿ ಶುರು ಮಾಡಿ, ಕಿವಿ ಹೇಳಿದ ಹಾಗೆ ಸರಿಸಿ. ಸಂಖ್ಯೆ ನೋಡಿ ಅಲ್ಲ, ಕಾಲು ತಾಳ ಹಾಕುತ್ತಿದೆಯೇ ನೋಡಿ. ವಾಲ್ಯೂಮ್ ತಗ್ಗುವ ಆಕಾರವನ್ನು ಗೆರೆ ಎಳೆದು ತೋರಿಸುವ ಪ್ಲಗಿನ್‌ಗಳೂ ಇವೆ. ಹೊಸಬರಿಗೆ ಅವು ಕಂಪ್ರೆಸರ್‌ಗಿಂತ ಸುಲಭ, ಏನಾಗುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ. ಕಿಕ್ ಇಲ್ಲದ ಬ್ರೇಕ್‌ಡೌನ್‌ನಲ್ಲೂ ಪ್ಯಾಡ್ ಉಸಿರಾಡುತ್ತಿರಬೇಕು ಅಂದರೆ ಹೊರಗೆ ಕೇಳಿಸದ ಇನ್ನೊಂದು ಕಿಕ್ ಟ್ರ್ಯಾಕ್ ಇಟ್ಟು ಸೈಡ್‌ಚೈನ್‌ಗೆ ಅದನ್ನೇ ಕೊಡಿ.

ಜಾಗ ಮಾಡಿಕೊಡಲು ಹಾಕುವ ಸೈಡ್‌ಚೈನ್ ಬೇರೆ, ಹಾಡು ಉಸಿರಾಡುವ ಹಾಗೆ ಕೇಳಿಸಲು ಹಾಕುವುದು ಬೇರೆ. ಮೊದಲನೆಯದು ಗೊತ್ತೇ ಆಗಬಾರದು. ಎರಡನೆಯದು ಗೊತ್ತಾಗಲೆಂದೇ ಹಾಕುವುದು. ಎರಡನ್ನೂ ಒಂದೇ ಕಂಪ್ರೆಸರ್‌ನಲ್ಲಿ ಮಾಡಲು ಹೋಗಬೇಡಿ.

ಈಗ ಮೊಬೈಲ್. ಫೋನಿನ ಸ್ಪೀಕರ್‌ಗೆ ಸುಮಾರು 200 ಹರ್ಟ್ಸ್‌ಗಿಂತ ಕೆಳಗೆ ಹೆಚ್ಚೇನೂ ನುಡಿಸಲು ಬರುವುದಿಲ್ಲ. ಆದರೂ ಒಳ್ಳೆಯ ಟ್ರ್ಯಾಕ್‌ಗಳಲ್ಲಿ ಫೋನಿನಲ್ಲೂ ಬೇಸ್‌ನ ರಾಗ ಹಿಡಿಯಬಹುದು. ಅದು ಹೇಗೆ? 55 ಹರ್ಟ್ಸ್ ಸ್ವರದ ಜೊತೆಗೆ 110, 165, 220, 275 ಹೀಗೆ ಅದರ ಮೇಲಿನ ಸ್ವರಾಂಶಗಳೂ ಇದ್ದರೆ, ಕೆಳಗಿನದ್ದು ಕೇಳಿಸದಿದ್ದರೂ ಮೇಲಿನವುಗಳ ಅಂತರ ನೋಡಿ ಮೆದುಳು 55ರ ಸ್ವರವನ್ನೇ ಊಹಿಸಿಕೊಳ್ಳುತ್ತದೆ. ನಿಮ್ಮ ಬೇಸ್ ಮೇಲಿನ ಸ್ವರಾಂಶಗಳೇ ಇಲ್ಲದ ಬರೀ ಸೈನ್ ಅಲೆಯಾಗಿದ್ದರೆ ಊಹಿಸಲು ಏನೂ ಇರುವುದಿಲ್ಲ. ಎಷ್ಟು ವಾಲ್ಯೂಮ್ ಕೊಟ್ಟರೂ ಫೋನಿನಲ್ಲಿ ಬಾರದು, ಕಾರಿನಲ್ಲಿ ಮಾತ್ರ ಗಾಜು ಅದುರುತ್ತದೆ. ಹಾಗಾಗಿ ಬೇಸ್‌ನ ಒಂದು ನಕಲು ಮಾಡಿ, ಅದಕ್ಕೆ ಹೊಸ ಸ್ವರಾಂಶ ಹುಟ್ಟಿಸುವ ಸ್ಯಾಚುರೇಷನ್ ಹಾಕಿ, ಆಮೇಲೆ 150 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ತೆಗೆಯಿರಿ. ಫೋನಿನಲ್ಲಿ ಕೇಳುತ್ತಾ ಅದರ ಫೇಡರ್ ನಿಧಾನ ಏರಿಸಿ. ರಾಗ ಹಿಡಿಸಿತು ಅನ್ನುವಲ್ಲಿ ನಿಲ್ಲಿಸಿ. ಮೂಲ ಬೇಸ್ ಮುಟ್ಟಬೇಡಿ.

ಇಲ್ಲಿಗೆ ಸ್ಪೀಕರ್ ವಿಷಯ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಕೋಣೆಯ ಎದುರುಬದುರು ಗೋಡೆಗಳ ನಡುವೆ 3 ಮೀಟರ್ ಇದ್ದರೆ 343ನ್ನು 6ರಿಂದ ಭಾಗಿಸಿ: 57 ಹರ್ಟ್ಸ್. ಆ ಸ್ವರ ನಿಮ್ಮ ಕೋಣೆಯಲ್ಲಿ ನಿಂತುಬಿಡುತ್ತದೆ. ಗೋಡೆ ಪಕ್ಕ ನಿಂತರೆ ಗುಡುಗು, ನಟ್ಟನಡುವೆ ಕೂತರೆ ಹೆಚ್ಚುಕಡಿಮೆ ನಾಪತ್ತೆ. ನೀವು ಕಷ್ಟಪಟ್ಟು ಸರಿಮಾಡುತ್ತಿರುವುದು ಅದೇ ಜಾಗದ ಸದ್ದನ್ನು. ನಡುವೆ ಕೂತವರು ಬೇಸ್ ಸಾಲದು ಅಂತ ಏರಿಸುತ್ತಾರೆ, ಗೋಡೆಗೆ ಒರಗಿದವರು ಜಾಸ್ತಿಯಾಯಿತು ಅಂತ ಇಳಿಸುತ್ತಾರೆ. 57 ಹರ್ಟ್ಸ್ ಅಲೆಯ ಉದ್ದವೇ 6 ಮೀಟರ್. ಗೋಡೆಗೆ ಅಂಟಿಸುವ ಎರಡು ಬೆರಳು ದಪ್ಪದ ಫೋಮ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದು ಮೇಲಿನ ಸದ್ದನ್ನಷ್ಟೇ ಹೀರಿ, ಕೋಣೆಯನ್ನು ಇನ್ನೂ ಮಬ್ಬು ಮಾಡುತ್ತದೆ. ಮೂಲೆಗಳಲ್ಲಿ ದಪ್ಪನೆಯ ರಾಕ್‌ವೂಲ್ ಪ್ಯಾನೆಲ್ ನಿಲ್ಲಿಸಿದರೆ ಸ್ವಲ್ಪ ಹಿಡಿತಕ್ಕೆ ಬರುತ್ತದೆ. ಅಷ್ಟು ಮಾಡುವ ಅನುಕೂಲ ಆದಾಗ ಸ್ಪೀಕರ್ ಕೊಳ್ಳಿ. ಕೂರುವ ಜಾಗವನ್ನು ಎದುರಿನ ಗೋಡೆಯಿಂದ ಕೋಣೆಯ ಉದ್ದದ ಶೇಕಡ 38ರಷ್ಟು ದೂರಕ್ಕೆ ಇಟ್ಟು ಶುರು ಮಾಡಿ, ಅಲ್ಲಿಂದ ಹಿಂದೆ ಮುಂದೆ ಸರಿದು ನೋಡಿ.

ಅಲ್ಲಿಯವರೆಗೆ ಹೆಡ್‌ಫೋನೇ ವಾಸಿ. ಅದು ಕೋಣೆಯ ಮಾತು ಕೇಳುವುದಿಲ್ಲ. ಹಿಂಬದಿ ತೆರೆದಿರುವ ಓಪನ್-ಬ್ಯಾಕ್ ಮಾದರಿ ಮಿಕ್ಸಿಂಗಿಗೆ ಒಳ್ಳೆಯದು. ಆದರೆ ಇರುವುದನ್ನೇ ಚೆನ್ನಾಗಿ ಕಲಿತರೂ ಸಾಕು. ಹೆಡ್‌ಫೋನಿಗೂ ಒಂದು ಕೊರತೆ ಇದೆ. ಎಡ ಸ್ಪೀಕರ್‌ನ ಸದ್ದು ಬಲ ಕಿವಿಗೂ ಸ್ವಲ್ಪ ತಲುಪುತ್ತದೆ, ಹೆಡ್‌ಫೋನಿನಲ್ಲಿ ಹಾಗಾಗುವುದಿಲ್ಲ. ಹಾಗಾಗಿ ಎಲ್ಲ ಅಗಲವಾಗಿ, ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಕೇಳಿಸುತ್ತದೆ. ಸ್ಪೀಕರ್‌ಗೆ ಬಂದಾಗ ಅವೇ ಸದ್ದುಗಳು ಒಂದರ ಮೇಲೊಂದು ಬೀಳುತ್ತವೆ.

ಇದಕ್ಕೆ ಮದ್ದು ಮೋನೋ. ಮಾಸ್ಟರ್ ಮೇಲೆ ಎಡಬಲ ಎರಡನ್ನೂ ಸೇರಿಸಿ ಒಂದು ಮಾಡುವ ಬಟನ್ ಇಟ್ಟುಕೊಳ್ಳಿ. ಆಗಾಗ ಒತ್ತಿ. ಒತ್ತಿದ ತಕ್ಷಣ ಸಿಂತ್ ಮಾಯವಾಯಿತೇ? ಆ ಸಿಂತ್‌ನ ಅಗಲ ಬರೀ ಕಣ್ಕಟ್ಟು. ಒಂದು ಬದಿಯನ್ನು 10-30 ಮಿಲಿಸೆಕೆಂಡ್ ತಡಮಾಡಿ ಅಗಲ ಮಾಡುವ ಉಪಾಯ ತುಂಬಾ ಕಡೆ ಹೇಳಿಕೊಡುತ್ತಾರೆ. ಮೋನೋ ಮಾಡಿದಾಗ ಎರಡು ಬದಿಗಳು ಅಲ್ಲಲ್ಲಿ ಒಂದನ್ನೊಂದು ಕಚ್ಚಿಹಾಕಿ ಸದ್ದು ಟೊಳ್ಳಾಗುತ್ತದೆ. ಕ್ಲಬ್ಬುಗಳಲ್ಲಿ ಎಷ್ಟೋ ಸೌಂಡ್ ಸಿಸ್ಟಮ್‌ಗಳು ಮೋನೋನಲ್ಲೇ ಓಡುತ್ತವೆ. ಹಾಗಾಗಿ ಇದು ಬರೀ ಶಾಸ್ತ್ರದ ಮಾತಲ್ಲ. ಸುಮಾರು 120 ಹರ್ಟ್ಸ್‌ಗಿಂತ ಕೆಳಗಿನದ್ದೆಲ್ಲ ನಡುವೆಯೇ ಇರಲಿ. ಎಲ್ಲವನ್ನೂ ಅಗಲ ಮಾಡಿದರೆ ಯಾವುದೂ ಅಗಲ ಅನಿಸುವುದಿಲ್ಲ. ಪ್ಯಾಡ್, ಶೇಕರ್ ಬದಿಗೆ ಹೋಗಲಿ, ಉಳಿದವು ನಡುವೆ ಗಟ್ಟಿಯಾಗಿ ನಿಲ್ಲಲಿ.

ಫೇಡರ್‌ಗೆ ಬರೋಣ. ಕಿಕ್ಕನ್ನು ಮೀಟರಿನಲ್ಲಿ -10 ಡಿಬಿ ಸುತ್ತ ಇಟ್ಟು ಶುರು ಮಾಡಿ. ಆಮೇಲೆ ಬೇಸ್, ಆಮೇಲೆ ಕ್ಲಾಪ್, ಹೈ-ಹ್ಯಾಟ್, ಆಮೇಲೆ ಹಾಡಿನ ಮುಖ್ಯ ಸಿಂತ್ ಅಥವಾ ದನಿ. ಎಲ್ಲ ಸೇರಿ ಮಾಸ್ಟರ್ -6 ಡಿಬಿ ದಾಟದಿದ್ದರೆ ಚೆನ್ನ. ಇವತ್ತಿನ ಸಾಫ್ಟ್‌ವೇರ್‌ಗಳು ಒಳಗೆ 32-ಬಿಟ್ ಫ್ಲೋಟ್ ಅಥವಾ ಅದಕ್ಕಿಂತ ಹೆಚ್ಚಿನ ಲೆಕ್ಕದಲ್ಲಿ ನಡೆಯುತ್ತವೆ. ಒಂದು ಚಾನೆಲ್ ಕೆಂಪಾದರೆ ಆಕಾಶ ಕಳಚಿ ಬೀಳುವುದಿಲ್ಲ. ಆದರೆ ಮಾಸ್ಟರ್ ಕೆಂಪಾಗಿದ್ದಾಗ 24-ಬಿಟ್ ಫೈಲ್ ತೆಗೆದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ.

ಫೇಡರ್ ಕೆಲಸ ಮಾಡುವಾಗ ವಾಲ್ಯೂಮ್ ಕಡಿಮೆ ಇರಲಿ. ಪಕ್ಕದಲ್ಲಿ ಯಾರಾದರೂ ಮಾತಾಡಿದರೆ ಕೇಳುವಷ್ಟು. ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸ ಮಾಡಿ 1933ರಲ್ಲಿ ಪ್ರಕಟಿಸಿದ ವಿಷಯ ಇದು: ಸದ್ದು ಕಡಿಮೆ ಇದ್ದಾಗ ನಮ್ಮ ಕಿವಿಗೆ ಕೆಳಗಿನ ಸ್ವರಗಳು ತೀರಾ ಕಮ್ಮಿ ಕೇಳಿಸುತ್ತವೆ. ಸದ್ದು ಏರಿದ ಹಾಗೆ ಬೇಸ್ ತುಂಬಿಕೊಳ್ಳುತ್ತದೆ. ಅಂದರೆ ಜೋರಾಗಿ ಹಾಕಿದರೆ ಕೆಟ್ಟ ಮಿಕ್ಸ್ ಕೂಡ ಮಜವಾಗಿರುತ್ತದೆ. ಮೆಲ್ಲಗೆ ಹಾಕಿದಾಗಲೂ ಕಿಕ್, ಕ್ಲಾಪ್, ದನಿ ಮೂರೂ ಬೇರೆ ಬೇರೆ ತಿಳಿದರೆ ಸಮತೋಲ ಬಂತು ಅಂತ ಲೆಕ್ಕ. ಆಮೇಲೆ ಒಮ್ಮೆ ಜೋರಾಗಿ ಹಾಕಿ ಬೇಸ್ ಪರೀಕ್ಷಿಸಿ, ಮತ್ತೆ ತಗ್ಗಿಸಿ. ಕಿವಿಯೂ ಉಳಿಯುತ್ತದೆ.

ಕಂಪ್ರೆಸರ್ ಎಲ್ಲ ಟ್ರ್ಯಾಕಿಗೂ ಹಾಕಿದ್ದೇನೆ ಅಂದಿರಿ. ಯಾಕೆ ಹಾಕಿದಿರಿ? ಕಂಪ್ರೆಸರ್ ಇರುವುದು ಏರಿಳಿತ ತಗ್ಗಿಸಲು. ನೀವು ಮೌಸ್‌ನಲ್ಲಿ ಬರೆದ ಸಿಂತ್ ಸ್ವರಗಳೆಲ್ಲ ಒಂದೇ ವೆಲಾಸಿಟಿಯಲ್ಲಿವೆ (ಒತ್ತುವ ಬಲದಲ್ಲಿವೆ), ಏರಿಳಿತವೇ ಇಲ್ಲ. ಸ್ಯಾಂಪಲ್ ಪ್ಯಾಕಿನ ಡ್ರಮ್‌ಗಳನ್ನು ಮಾರುವವರೇ ಒತ್ತಿ, ಹಿಂಡಿ ಕೊಟ್ಟಿರುತ್ತಾರೆ. ಅದರ ಮೇಲೆ ನೀವು ಇನ್ನೊಮ್ಮೆ ಒತ್ತಿದರೆ ಪೆಟ್ಟಿನ ಚುರುಕು ಹೋಗುವುದು ಬಿಟ್ಟರೆ ಬೇರೇನೂ ಆಗದು. ಹಾಡಿದ ದನಿಗೆ ಹಾಕಿ. ಕೈಯಲ್ಲಿ ನುಡಿಸಿದ ವಾದ್ಯಕ್ಕೆ ಹಾಕಿ. ಡ್ರಮ್‌ಗಳನ್ನೆಲ್ಲ ಒಂದು ಬಸ್‌ಗೆ (ಹಲವು ಟ್ರ್ಯಾಕ್ ಸೇರುವ ಚಾನೆಲ್) ಕಳಿಸಿ, ಅಲ್ಲಿ 1-2 ಡಿಬಿ ತಗ್ಗುವಷ್ಟು ಹಾಕಿದರೆ ಅವು ಒಂದೇ ಕಿಟ್ಟಿನ ಹಾಗೆ ಕೂಡಿಕೊಳ್ಳಬಹುದು. ಉಳಿದ ಕಡೆ ಬೇಡ.

ಈಕ್ಯೂ ಬಗ್ಗೆ ನನಗೊಂದು ಸಿಟ್ಟಿದೆ. ಚೂಪಾದ ಬ್ಯಾಂಡ್ ಒಂದನ್ನು 12 ಡಿಬಿ ಏರಿಸಿ ಆ ಕಡೆಯಿಂದ ಈ ಕಡೆಗೆ ಎಳೆದಾಡುತ್ತಾ, ಕೆಟ್ಟದಾಗಿ ಕೇಳಿಸಿದ ಕಡೆಯೆಲ್ಲ ಕತ್ತರಿಸಿ ಅಂತ ಹೇಳಿಕೊಡುತ್ತಾರೆ. ಯಾವ ಸದ್ದನ್ನೇ ಆಗಲಿ 12 ಡಿಬಿ ಏರಿಸಿದರೆ ಎಲ್ಲ ಕಡೆಯೂ ಕೆಟ್ಟದಾಗಿಯೇ ಕೇಳಿಸುತ್ತದೆ! ಹೀಗೆ ಹತ್ತು ಕಡೆ ಕತ್ತರಿಸಿದ ಪ್ಯಾಡ್‌ನಲ್ಲಿ ಕೊನೆಗೆ ಪ್ಯಾಡೇ ಉಳಿದಿರುವುದಿಲ್ಲ. ಮೊದಲು ಕೇಳಿ, ಏನು ತೊಂದರೆ ಅಂತ ಬಾಯಿಬಿಟ್ಟು ಹೇಳಿಕೊಳ್ಳಿ, ಆಮೇಲೆ ಮುಟ್ಟಿ. ವಿಡಿಯೊದವರು 300 ಹರ್ಟ್ಸ್‌ನಲ್ಲಿ 4 ಡಿಬಿ ತೆಗೆದರು ಅಂದರೆ ಅದು ಅವರ ಪ್ಯಾಡ್‌ಗೆ ಬೇಕಿತ್ತು. ನಿಮ್ಮ ಪ್ಯಾಡ್‌ನಲ್ಲಿ ಅಲ್ಲಿ ಏನೂ ಇಲ್ಲದೆಯೂ ಇರಬಹುದು. ಒಬ್ಬೊಬ್ಬರು ಒಂದೊಂದು ಹೇಳುವುದು ಅದಕ್ಕೇ.

200ರಿಂದ 500 ಹರ್ಟ್ಸ್ ನಡುವೆ ಕೆಸರು ಕಟ್ಟಿಕೊಳ್ಳುವುದು ನಿಜ. ಪ್ಯಾಡ್, ಕಾರ್ಡ್, ಬೇಸ್‌ನ ಮೇಲ್ಭಾಗ, ಪ್ರತಿಧ್ವನಿಯಂಥ ರಿವರ್ಬ್‌ನ ಬಾಲ ಎಲ್ಲವೂ ಅಲ್ಲಿಗೇ ಬಂದು ಸೇರುತ್ತವೆ. ಸೂಪರ್‌ಸಾ ಅಂತೂ ಕೇಳಲೇಬೇಡಿ. ರೋಲ್ಯಾಂಡ್ ಜೆಪಿ-8000 ಸಿಂತ್‌ನಿಂದ 1990ರ ದಶಕದ ಕೊನೆಯಲ್ಲಿ ಜನಪ್ರಿಯವಾದ ಸದ್ದು ಅದು. ಒಂದಕ್ಕೊಂದು ಸ್ವಲ್ಪ ಶ್ರುತಿ ತಪ್ಪಿಸಿದ ಏಳು ಸಾ ಅಲೆಗಳ ಗುಂಪು. ಒಂದೇ ಹಾಕಿದರೂ ಕೋಣೆ ತುಂಬುತ್ತದೆ. ಹೊಸಬರು ಮೂರು ಪದರ ಹಾಕಿ, ದನಿಗೆ ಜಾಗ ಸಾಲುತ್ತಿಲ್ಲ ಅನ್ನುತ್ತಾರೆ. ಈಕ್ಯೂಗೆ ಮುಂಚೆ ಮ್ಯೂಟ್ ಬಟನ್ ಬಳಸಿ. ಡ್ರಾಪ್ ಭಾಗವನ್ನು (ಹಾಡು ಪೂರ್ತಿ ಏರುವ ಕಡೆ) ಲೂಪ್‌ನಲ್ಲಿ ಓಡಿಸಿ ಒಂದೊಂದೇ ಟ್ರ್ಯಾಕ್ ಮ್ಯೂಟ್ ಮಾಡುತ್ತಾ ಹೋಗಿ. ಇಲ್ಲದಿದ್ದರೂ ಏನೂ ಕಮ್ಮಿಯಾಗಿಲ್ಲ ಅನಿಸಿದ್ದನ್ನು ಅಳಿಸಿಬಿಡಿ. ಮನಸ್ಸು ಬಾರದು, ಗೊತ್ತು. ಆ ಸದ್ದಿಗೆ ನೀವು ಒಂದು ಸಂಜೆ ಪೂರ್ತಿ ಕೊಟ್ಟಿರುತ್ತೀರಿ. ಆದರೂ ಅಳಿಸಿ.

ಎಲ್ಲ ಟ್ರ್ಯಾಕಿಗೂ ಕೆಳಗಿನ ಸದ್ದು ಕತ್ತರಿಸುವ ಹೈ-ಪಾಸ್ ಫಿಲ್ಟರ್ ಹಾಕಬೇಕು ಅನ್ನುವುದೂ ಸುಮ್ನೆ ಅಭ್ಯಾಸಬಲ. ಪ್ಯಾಡ್‌ನ ಕೆಳಗೆ ನಿಜವಾಗಿಯೂ ಏನಾದರೂ ಇದೆಯೇ ನೋಡಿ ಹಾಕಿ. ವಾಕ್ಸೆಂಗೊ ಸ್ಪ್ಯಾನ್ ಅನ್ನುವ ಉಚಿತ ಅನಲೈಸರ್ ಇದೆ, ಅದರಲ್ಲಿ ಕಾಣುತ್ತದೆ. ಕಿಕ್ ಮೇಲೆ ಮಾತ್ರ ಲೀನಿಯರ್ ಫೇಸ್ ಈಕ್ಯೂ ಹಾಕಬೇಡಿ. ಪೆಟ್ಟು ಬೀಳುವ ಮೊದಲೇ ಒಂದು ಮಸುಕು ಸದ್ದು ಬಂದು ಕಿಕ್‌ನ ಗುದ್ದು ಮೆತ್ತಗಾಗುತ್ತದೆ. ಹೈ-ಹ್ಯಾಟ್ ಕಿವಿ ಚುಚ್ಚುತ್ತಿದ್ದರೆ ಈಕ್ಯೂಗೆ ಮುಂಚೆ ಫೇಡರ್ 2 ಡಿಬಿ ಇಳಿಸಿ ನೋಡಿ. ಹತ್ತಕ್ಕೆ ಎಂಟು ಸಲ ಅಷ್ಟೇ ಬೇಕಾಗಿರುತ್ತದೆ.

ರಿವರ್ಬ್ ಬಗ್ಗೆ ಚುಟುಕಾಗಿ. ಪ್ರತಿ ಟ್ರ್ಯಾಕಿಗೂ ಬೇರೆ ಬೇರೆ ಹಾಕಬೇಡಿ. ಎಲ್ಲ ಟ್ರ್ಯಾಕೂ ಹಂಚಿಕೊಳ್ಳುವ ಸೆಂಡ್‌ನಲ್ಲಿ ಎರಡು ಇಡಿ, ಒಂದು ಗಿಡ್ಡ, ಒಂದು ಉದ್ದ. ಎರಡರ ಮೇಲೂ 250-300 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ತೆಗೆಯಿರಿ. ಉದ್ದನೆಯದಕ್ಕೆ 20-30 ಮಿಲಿಸೆಕೆಂಡ್ ಪ್ರೀ-ಡಿಲೇ (ರಿವರ್ಬ್ ಶುರುವಾಗುವ ಮುಂಚಿನ ತಡ) ಕೊಟ್ಟರೆ ದನಿ ಮುಂದೆಯೇ ನಿಲ್ಲುತ್ತದೆ. ಕಿಕ್‌ಗೂ ಬೇಸ್‌ಗೂ ರಿವರ್ಬ್ ಬೇಡ.

ಇವೆಲ್ಲ ಸರಿಯಾಗುತ್ತಿದೆಯೇ ಅಂತ ತಿಳಿಯಲು ಹೋಲಿಸುವುದಕ್ಕೆ ರೆಫರೆನ್ಸ್ ಟ್ರ್ಯಾಕ್ ಬೇಕೇ ಬೇಕು. ನಿಮ್ಮದೇ ಜಾತಿಯ, ನಿಮಗೆ ಚೆನ್ನಾಗಿ ಗೊತ್ತಿರುವ ಎರಡು ಟ್ರ್ಯಾಕ್ ಪ್ರಾಜೆಕ್ಟಿನೊಳಗೆ ತಂದಿಡಿ. ನಿಮ್ಮ ಮಾಸ್ಟರ್ ಮೇಲಿನ ಪ್ಲಗಿನ್‌ಗಳ ಮೂಲಕ ಅದು ಹೋಗದಂತೆ ನೋಡಿಕೊಳ್ಳಿ. ಮುಖ್ಯವಾಗಿ ಅದರ ವಾಲ್ಯೂಮ್ ತಗ್ಗಿಸಿ. ಮಾಸ್ಟರಿಂಗ್ (ಕೊನೆಯ ಹದ) ಆದ ಟ್ರ್ಯಾಕ್ -8 ಎಲ್‌ಯುಎಫ್‌ಎಸ್ (ಕಿವಿಗೆ ಅನಿಸುವ ಜೋರಿನ ಅಳತೆ) ಇರಬಹುದು, ನಿಮ್ಮ ಕಚ್ಚಾ ಮಿಕ್ಸ್ -18 ಇರಬಹುದು. ಹಾಗಿದ್ದರೆ ಅದನ್ನು 10 ಡಿಬಿ ಇಳಿಸಿಯೇ ಹೋಲಿಸಬೇಕು. ಯೂಲೀನ್ ಲೌಡ್‌ನೆಸ್ ಮೀಟರ್‌ನ ಉಚಿತ ಆವೃತ್ತಿ ಈ ಲೆಕ್ಕ ತೋರಿಸುತ್ತದೆ. ಇಳಿಸದೆ ಹೋಲಿಸಿದರೆ ಜೋರಿರುವುದೇ ಚೆನ್ನ ಅಂತ ಕಿವಿ ತೀರ್ಪು ಕೊಟ್ಟುಬಿಡುತ್ತದೆ. ನಿಮ್ಮ ಟ್ರ್ಯಾಕ್ ಮಂಕು ಅನಿಸಿದ್ದರಲ್ಲಿ ಇದರ ಪಾಲೂ ಇದೆ.

ಒಟ್ಟಾರೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಮಾಸ್ಟರ್ ಕೊನೆಯಲ್ಲಿ ಒಂದು ಲೋ-ಪಾಸ್ ಫಿಲ್ಟರ್ ಹಾಕಿ, ಎರಡೂ ಟ್ರ್ಯಾಕ್‌ಗಳಲ್ಲಿ 120 ಹರ್ಟ್ಸ್‌ಗಿಂತ ಕೆಳಗಿನದ್ದು ಮಾತ್ರ ಬಿಡಿ. ಕಿಕ್ ಎಷ್ಟು ಗಿಡ್ಡ, ಬೇಸ್ ಎಷ್ಟು ಕೆಳಗೆ, ನಡುವೆ ಎಷ್ಟು ಮೌನ, ಎಲ್ಲ ಬಿಡಿಬಿಡಿಯಾಗಿ ಗೊತ್ತಾಗುತ್ತದೆ. ಮೊದಲ ಸಲ ಕೇಳಿದವರಿಗೆ ಸಾಮಾನ್ಯವಾಗಿ ಆಶ್ಚರ್ಯವಾಗುವುದು ಆ ಮೌನವೇ. ಆಮೇಲೆ ಬರೀ ಮೇಲಿನದ್ದನ್ನು ಬಿಟ್ಟು ಹ್ಯಾಟ್ ಮತ್ತು ಕ್ಲಾಪ್ ಎಷ್ಟು ಜೋರಿವೆ ನೋಡಿ. ಹೀಗೆ ಹೋಲಿಸುವಾಗ ಕಾಗದದಲ್ಲಿ ಬರೆದುಕೊಳ್ಳಿ, ಕೇಳುತ್ತಾ ಕೇಳುತ್ತಾ ನಾಬ್ ತಿರುಗಿಸಬೇಡಿ.

ಕೊನೆಯದು ಜೋರು. ಸ್ಪಾಟಿಫೈ ಮಾಮೂಲಿಯಾಗಿ ಟ್ರ್ಯಾಕ್‌ಗಳನ್ನು -14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ಹೊಂದಿಸಿ ನುಡಿಸುತ್ತದೆ. ನಿಮ್ಮದು -8 ಇದ್ದರೆ 6 ಡಿಬಿ ಇಳಿಸುತ್ತದೆ. ಹಾಗಂತ -14ಕ್ಕೇ ಗುರಿ ಇಡಬೇಕಾಗಿಲ್ಲ. ಕ್ಲಬ್ಬಿನಲ್ಲಿ ನುಡಿಸುವ ಸಂಗೀತ ಅದಕ್ಕಿಂತ ಬಹಳ ಜೋರಿರುತ್ತದೆ. ಡಿಜೆ ಒಂದರ ಹಿಂದೆ ಒಂದು ಹಾಕುವಾಗ ಯಾರೂ ಅಲ್ಲಿ ಹೊಂದಿಸಿ ಕೊಡುವುದಿಲ್ಲ. ಕೆಳಭಾಗ ಚೊಕ್ಕವಾಗಿದ್ದರೆ ಲಿಮಿಟರ್ 2-3 ಡಿಬಿ ಒತ್ತಿದಾಗಲೇ ಟ್ರ್ಯಾಕ್ ಎದ್ದು ನಿಲ್ಲುತ್ತದೆ. ಇನ್ನೂ ಬೇಕಾದರೆ ಡ್ರಮ್ ಬಸ್ ಮೇಲೆ ಸಾಫ್ಟ್ ಕ್ಲಿಪ್ಪರ್ ಹಾಕಿ ಕಿಕ್, ಕ್ಲಾಪ್‌ಗಳ ಚೂಪು ತುದಿ 1-2 ಡಿಬಿ ಸವರಿ, ಆಮೇಲೆ ಲಿಮಿಟರ್‌ಗೆ ಕಳಿಸಿ. 5-6 ಡಿಬಿ ಒತ್ತಿದರೂ ಏಳುತ್ತಿಲ್ಲ ಅಂದರೆ ಲಿಮಿಟರ್ ಬದಲಾಯಿಸಬೇಡಿ, ಬೇಸ್ ಫೇಡರ್ ಇಳಿಸಿ. ಲಿಮಿಟರ್‌ನ ಸೀಲಿಂಗ್ (ಮೇಲಿನ ಮಿತಿ) ಟ್ರೂ ಪೀಕ್ (ಅಲೆಯ ನಿಜವಾದ ತುದಿ) -1 ಡಿಬಿಗೆ ಇಡಿ. ಸ್ಟ್ರೀಮಿಂಗ್‌ನವರು ಫೈಲ್ ಕುಗ್ಗಿಸುವಾಗ ಅಲೆಯ ತುದಿಗಳು ಸ್ವಲ್ಪ ಏರುತ್ತವೆ, ಅದಕ್ಕೆ ಈ ಜಾಗ.

ಅಭ್ಯಾಸಕ್ಕೆ ಒಂದು ದಾರಿ ಹೇಳುತ್ತೇನೆ. ಮುಂದಿನ ಟ್ರ್ಯಾಕನ್ನು ಬರೀ ಫೇಡರ್, ಪ್ಯಾನ್ (ಎಡಬಲಕ್ಕೆ ಸರಿಸುವುದು), ಮ್ಯೂಟ್, ಒಂದು ಸೈಡ್‌ಚೈನ್ ಇಷ್ಟರಲ್ಲೇ ಮುಗಿಸಿ. ಸಿಂತ್‌ಗಳನ್ನೆಲ್ಲ ಬೌನ್ಸ್ ಮಾಡಿಬಿಡಿ, ಅಂದರೆ ಮತ್ತೆ ತಿರುಚಲಾಗದ ಆಡಿಯೊ ಫೈಲಾಗಿ ಬದಲಿಸಿ. ಇಲ್ಲವಾದರೆ ಮಿಕ್ಸ್ ಮಾಡುವ ಬದಲು ಮತ್ತೆ ಸದ್ದು ತಿರುಚುತ್ತಾ ಕೂರುತ್ತೀರಿ. ಮುಕ್ಕಾಲು ಗಂಟೆಗೊಮ್ಮೆ ಎದ್ದು ಹೋಗಿ. ದಣಿದ ಕಿವಿಗೆ ಮೇಲಿನ ಸದ್ದು ಕಮ್ಮಿ ಅನಿಸುತ್ತದೆ, ಹ್ಯಾಟ್ ಏರಿಸುತ್ತಾ ಹೋಗುತ್ತೀರಿ, ಬೆಳಿಗ್ಗೆ ಕೇಳಿದರೆ ಕಿವಿ ಮುಚ್ಚಿಕೊಳ್ಳಬೇಕು. ಫೈಲನ್ನು 24-ಬಿಟ್ ವೇವ್ ಆಗಿ ತೆಗೆದು ಮರುದಿನ ಕಾರಿನಲ್ಲಿ, ಫೋನಿನಲ್ಲಿ, ಬೇರೆಯವರ ಇಯರ್‌ಫೋನಿನಲ್ಲಿ ಒಂದೊಂದು ಸಲ ಕೇಳಿ. ಮೂರೂ ಕಡೆ ಕಂಡ ದೋಷ ಮಾತ್ರ ತಿದ್ದಿ. ಒಂದೇ ಕಡೆ ಕಂಡಿದ್ದು ಆ ಸ್ಪೀಕರ್‌ನ ಸ್ವಭಾವ ಇರಬಹುದು, ಅದರ ಹಿಂದೆ ಬಿದ್ದರೆ ಉಳಿದೆರಡು ಕಡೆ ಕೆಡುತ್ತದೆ.